385 ಗ್ರಾಂ ಒತ್ತುವ ಸ್ಪ್ರಿಂಗ್

ನನ್ನ ಮಾಮು ರೈಲ್ವೆ ಕಾರ್ಯಾಗಾರದಲ್ಲಿ ಟರ್ನರ್ ಆಗಿದ್ದವರು. ನಿವೃತ್ತರಾದ ಮೇಲೆ ಸಿದ್ಧಾರ್ಥನಗರದ ಮನೆಯಲ್ಲಿ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲೇ ಒಂದು ಪುಟ್ಟ ಲೇತ್ ಹಾಕಿಕೊಂಡಿದ್ದಾರೆ. ಈ ಸಲದ ರಜೆಯಲ್ಲಿ ಅವರು ಮಾದರಿ ಉಗಿಯಂತ್ರಕ್ಕೆ ತಾಮ್ರದ ಬಾಯ್ಲರ್ ಮಾಡುತ್ತಿದ್ದರು. ಅದರ ಸೇಫ್ಟಿ ವಾಲ್ವ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಮೊದಲು ಲೆಕ್ಕ, ಆಮೇಲೆ ಲೇತ್" ಎಂದರು ಮಾಮು. ವಾಲ್ವ್ ಎಂದರೆ ಒಂದು ರಂಧ್ರ, ಅದರ ಮೇಲೆ ಕುಳಿತ ಉಕ್ಕಿನ ಗುಂಡು, ಗುಂಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್, ಅಷ್ಟೇ. ನಮ್ಮ ಬಾಯ್ಲರಿನ ಒತ್ತಡ 3 ಬಾರ್, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 0.3 ನ್ಯೂಟನ್. ರಂಧ್ರದ ವ್ಯಾಸ 4 ಮಿ.ಮೀ., ವಿಸ್ತೀರ್ಣ 12.57 ಚದರ ಮಿ.ಮೀ. ಎರಡನ್ನೂ ಗುಣಿಸಿದರೆ 3.77 ನ್ಯೂಟನ್, ಸುಮಾರು 385 ಗ್ರಾಂ ತೂಕದಷ್ಟು ಬಲ. ಪ್ರಥಮ ಪಿಯುಸಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಸೂತ್ರ ಇಲ್ಲಿ ಕೈಗೆ ಸಿಕ್ಕಿತು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ತಕ್ಕಡಿ 385 ತೋರಿಸುವವರೆಗೆ ಒತ್ತಿ, ಆಗ ಅದರ ಉದ್ದ ಎಷ್ಟೆಂದು ಅಳೆದೆವು. ವಾಲ್ವಿನೊಳಗೆ ಸ್ಪ್ರಿಂಗ್ ಅಷ್ಟೇ ಉದ್ದಕ್ಕೆ ಕುಗ್ಗುವಂತೆ ಮೇಲಿನ ನಟ್ ತಿರುಗಿಸಬೇಕು.

ನನ್ನ ಮೊದಲ ವಾಲ್ವ್ ಸೋರಿತು. 4 ಮಿ.ಮೀ. ಡ್ರಿಲ್ ಬಿಟ್ಟಿನಿಂದ ನೇರವಾಗಿ ಕೊರೆದಿದ್ದೆ. ಡ್ರಿಲ್ ಕೊರೆದ ತೂತು ಕಣ್ಣಿಗೆ ದುಂಡಗೆ ಕಂಡರೂ ನಿಜಕ್ಕೂ ದುಂಡಗಿರುವುದಿಲ್ಲ. ಗುಂಡು ಕುಳಿತರೂ ಎಲ್ಲೋ ಸಂದು ಉಳಿಯುತ್ತದೆ. ಎರಡನೇ ಸಲ ಸ್ವಲ್ಪ ಚಿಕ್ಕದಾಗಿ ಕೊರೆದು, ರೀಮರ್ ಹಾಕಿ 4 ಮಿ.ಮೀ.ಗೆ ತಂದೆ. ಅಂಚಿನ ಮೇಲೆ ಒಂದು ಗುಂಡಿಟ್ಟು ಸುತ್ತಿಗೆಯಿಂದ ಒಂದೇ ಒಂದು ಏಟು. ಆ ಗುಂಡನ್ನು ಎಸೆದು ಹೊಸ ಗುಂಡು ಹಾಕಿದೆ. ಸ್ಪ್ರಿಂಗಿಗೆ ತುಕ್ಕು ಹಿಡಿಯದ ತಂತಿಯೇ ಬೇಕು. ತುಕ್ಕು ಹಿಡಿದು ಅಂಟಿಕೊಂಡ ವಾಲ್ವ್ ಇದ್ದೂ ಇಲ್ಲದಂತೆ.

ಇನ್ನು ಬೆಂಕಿ ಹಚ್ಚೋಣ ಎಂದೆ. ಮಾಮು ಒಪ್ಪಲಿಲ್ಲ. ವಾಲ್ವ್ ತೆಗೆದು ಆ ಜಾಗಕ್ಕೆ ಬಿರಡೆ ಬಿಗಿದು, ಬಾಯ್ಲರಿನಲ್ಲಿ ಗಾಳಿ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿದರು. ಗುರಿ 6 ಬಾರ್, ಕೆಲಸದ ಒತ್ತಡದ ಎರಡರಷ್ಟು. 4 ಬಾರ್ ದಾಟುತ್ತಲೇ ತಳದ ಬೆಸುಗೆಯಲ್ಲಿ ನಾಲ್ಕು ಹನಿ ಮೂಡಿದವು, ಮುಳ್ಳು ಇಳಿಯಿತು. ಅಷ್ಟೇ ಆದದ್ದು. ನೀರು ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಅದರಲ್ಲಿ ಶಕ್ತಿ ಕೂಡಿಟ್ಟಿರುವುದಿಲ್ಲ. ಅದೇ ಉಗಿ ತುಂಬಿದ್ದರೆ? 3 ಬಾರಿನಲ್ಲಿ ಒಳಗಿನ ನೀರು ಸುಮಾರು 143 ಡಿಗ್ರಿ ಬಿಸಿ ಇರುತ್ತದೆ. ಬೆಸುಗೆ ಬಿಟ್ಟು ಒತ್ತಡ ತಟ್ಟನೆ ಇಳಿದರೆ ಆ ನೀರಿನ ಒಂದು ಭಾಗ ಕ್ಷಣದಲ್ಲೇ ಉಗಿಯಾಗುತ್ತದೆ. ಬಯಲಿಗೆ ಬಂದ ಉಗಿಗೆ ನೀರಿನ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಕು. ನಾನು ಕೂತಿದ್ದದ್ದು ಬಾಯ್ಲರಿನಿಂದ ಎರಡು ಅಡಿ ದೂರದಲ್ಲಿ.

ಬೆಸುಗೆ ಸರಿಪಡಿಸಿ ಮತ್ತೆ 6 ಬಾರ್ ಹಿಡಿದ ಮೇಲೆಯೇ ಒಲೆ ಹತ್ತಿದ್ದು. 3 ಬಾರಿಗೆ ವಾಲ್ವ್ ಬುಸ್ಸೆಂದಿತು. ಮಾಮು ಅಷ್ಟಕ್ಕೆ ಮೆಚ್ಚಲಿಲ್ಲ. ಉರಿ ಪೂರ್ತಿ ಹೆಚ್ಚಿಸಿ, ಯಂತ್ರಕ್ಕೆ ಹೋಗುವ ಉಗಿ ನಿಲ್ಲಿಸಿ ಕಾದರು. ವಾಲ್ವ್ ತೆರೆದರೆ ಸಾಲದು, ಹುಟ್ಟುವ ಉಗಿಯನ್ನೆಲ್ಲ ಹೊರಗೆ ಬಿಡಬೇಕು. ಒತ್ತಡ ಶೇಕಡಾ 10ಕ್ಕಿಂತ ಹೆಚ್ಚು ಏರಬಾರದು. ಮುಳ್ಳು 3.2ರಲ್ಲಿ ನಿಂತಿತು. ಅಡುಗೆಮನೆಯಿಂದ ಮಾಮಿ, "ಎಷ್ಟನೇ ಸೀಟಿ?" ಎಂದು ಕೂಗಿದರು.

ಅವರು ಕೇಳಿದ್ದು ತಪ್ಪಲ್ಲ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ತೋರಿಸಿದ್ದು ಅಡುಗೆಯ ಪಾತ್ರೆಯನ್ನೇ. ಅದು ಸಿಡಿಯದಿರಲೆಂದು ಆತ ತೂಕ ಹೇರಿದ ವಾಲ್ವ್ ಕಂಡುಹಿಡಿದ. 1979ರಲ್ಲಿ ಆರಂಭವಾದ ನಮ್ಮ ಮೈಸೂರು ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಉಗಿ ಎಂಜಿನ್ನುಗಳ ಬಾಯ್ಲರ್ ಮೇಲೆ ಸೇಫ್ಟಿ ವಾಲ್ವ್ ಹುಡುಕಿ ನೋಡಿ.

ಮನೆಯಲ್ಲಿ ಮಾಡಲು ಒಂದು ಲೆಕ್ಕ: ತಣ್ಣಗಿರುವ ಕುಕ್ಕರಿನ ಸೀಟಿಯ ತೂಕ ನೋಡಿ, ಅದು ಮುಚ್ಚುವ ರಂಧ್ರದ ವ್ಯಾಸ ಅಳೆಯಿರಿ. ಉತ್ತರ 1 ಬಾರಿನ ಆಸುಪಾಸು ಬರಬೇಕು. ತೀರಾ ಬೇರೆ ಬಂದರೆ ವ್ಯಾಸವನ್ನು ಮತ್ತೊಮ್ಮೆ ಅಳೆಯಿರಿ. ಅದರ ವರ್ಗ ಮಾಡುವುದರಿಂದ ಅಲ್ಲಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ.