ಸಿಟ್ಟಿನ ಬೆನ್ನಿಗೆ ನಿಂತಿರುವ ಗಾಬರಿ

ರಾತ್ರಿ ಒಂಬತ್ತೂವರೆ. ಎಂಟಕ್ಕೆ ಬರಬೇಕಿದ್ದ ಮಗಳು ಇನ್ನೂ ಬಂದಿಲ್ಲ. ಫೋನ್ ಸ್ವಿಚ್ ಆಫ್. ಅಪ್ಪ ಗೇಟಿಗೂ ಹಾಲಿಗೂ ಓಡಾಡಿ ಓಡಾಡಿ ಸುಸ್ತಾಗಿ, ಮನೆದೇವರಿಗೆ ಹರಕೆಯನ್ನೂ ಹೊತ್ತಾಗಿದೆ. ಕೊನೆಗೂ ಸ್ಕೂಟರ್ ಸದ್ದು. ಗೇಟು ತೆಗೆದವರ ಬಾಯಿಂದ ಬಂದ ಮೊದಲ ಮಾತು: “ಎಲ್ಲಿ ಹಾಳಾಗಿ ಹೋಗಿದ್ದೆ?”

ಸದ್ಯ ಬಂದೆಯಲ್ಲ ಎನ್ನಬೇಕಾದ ಬಾಯಿ ಅದು. ಮಗಳಿಗೆ ಕೇಳಿಸಿದ್ದು ಬೈಗುಳ ಮಾತ್ರ. ಒಂದೂವರೆ ಗಂಟೆಯ ಪ್ರಾಣಸಂಕಟ ಅವಳ ಕಿವಿಗೆ ಬೀಳಲೇ ಇಲ್ಲ. ನಮ್ಮ ಮನೆಗಳ ಅರ್ಧಕ್ಕರ್ಧ ಜಗಳ ಹೀಗೆಯೇ ಹುಟ್ಟುತ್ತದೆ ಎಂದು ನನ್ನ ಅನುಮಾನ. ಸಿಟ್ಟನ್ನು ಗೆಲ್ಲಬೇಕೆನ್ನುವವರು ಮೊದಲು ಅದರ ಬೆನ್ನಿಗೆ ನಿಂತ ಗಾಬರಿಯನ್ನು ಮಾತಾಡಿಸಬೇಕು.

1. ಎರಡಕ್ಕೂ ಒಲೆ ಒಂದೇ ಎಂಬುದನ್ನು ತಿಳಿಯಿರಿ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಅಮಿಗ್ಡಲಾ ಎಚ್ಚರಿಕೆ ಕೊಡುತ್ತದೆ, ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಮೇಲೇರುತ್ತದೆ, ಮುಷ್ಟಿ ಬಿಗಿಯುತ್ತದೆ. ಓಡುವುದಕ್ಕೂ ಇದೇ ಸಿದ್ಧತೆ, ಹೊಡೆದಾಡುವುದಕ್ಕೂ ಇದೇ. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಲ್ಲಿ ಈ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ ನೋವು, ಹಸಿವು, ಭಯ, ಕ್ರೋಧ ನಾಲ್ಕೂ ಒಟ್ಟಿಗಿವೆ. ಗೀತೆಯ ಎರಡನೇ ಅಧ್ಯಾಯವೂ ಸ್ಥಿತಪ್ರಜ್ಞನನ್ನು ವರ್ಣಿಸುವಾಗ ಭಯ ಮತ್ತು ಕ್ರೋಧವನ್ನು ಅಕ್ಕಪಕ್ಕದಲ್ಲೇ ಕೂರಿಸಿದೆ.

2. ಸಿಟ್ಟು ಬಂದಾಗ ಹಿಂದಿನ ಒಂದು ಗಂಟೆಯನ್ನು ತಿರುಗಿ ನೋಡಿ. ಅಮ್ಮನ ಬಯಾಪ್ಸಿ ರಿಪೋರ್ಟಿಗಾಗಿ ಕಾಯುತ್ತಿದ್ದ ನಾಲ್ಕು ದಿನ ನಾನು ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ಕಾಫಿ ತಣ್ಣಗಾಯಿತೆಂದು ರೇಗಿದೆ, ಚಪ್ಪಲಿ ಅಡ್ಡ ಬಿದ್ದಿತ್ತೆಂದು ಕೂಗಿದೆ. ಮೂರನೇ ದಿನ ಹೆಂಡತಿ ಲೋಟ ಕೆಳಗಿಟ್ಟು, “ರಿಪೋರ್ಟ್ ನಾಡಿದ್ದು ತಾನೇ ಬರೋದು?” ಎಂದಳು. ಅಷ್ಟೇ. ನಾನು ಕೂತುಬಿಟ್ಟೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ನನ್ನದು ಕೋಪವೂ ಆಗಿರಲಿಲ್ಲ. ಹೆದರಿಕೆ ಬಂದು ಕೊತ್ತಿಯ ಮೇಲೆ ಬಿದ್ದಿತ್ತು. ಹೆದರಿದ್ದೇನೆ ಎಂದು ಹೇಳಿಕೊಳ್ಳಲು ನಮಗೆ ನಾಚಿಕೆ. ಗಂಡಸರಿಗಂತೂ ಇನ್ನೂ ಹೆಚ್ಚು. ರೇಗುವುದಕ್ಕೆ ಆ ನಾಚಿಕೆ ಇಲ್ಲ.

3. ಒಳಗಿನದಕ್ಕೆ ಸರಿಯಾದ ಹೆಸರು ಕೊಡಿ. ಅನಿಸಿದ್ದನ್ನು ಪದದಲ್ಲಿ ಗುರುತಿಸಿದಾಗ ಅಮಿಗ್ಡಲಾದ ಅಬ್ಬರ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಮಿದುಳಿನ ಸ್ಕ್ಯಾನ್‌ಗಳಲ್ಲಿ ತೋರಿಸಿದರು. “ಎಲ್ಲಿ ಹಾಳಾಗಿ ಹೋಗಿದ್ದೆ” ಅನ್ನುವ ಜಾಗದಲ್ಲಿ “ನಿನಗೆ ಏನಾಯಿತೋ ಅಂತ ಜೀವ ಬಾಯಿಗೆ ಬಂದಿತ್ತು ಕಣೇ” ಎಂದು ನೋಡಿ. ಮುಂದಿನ ಸಲ ತಡವಾದರೆ ಅವಳೇ ಫೋನ್ ಮಾಡುವ ಸಂಭವ ಹೆಚ್ಚು.

4. ಗೊತ್ತಿಲ್ಲದ್ದನ್ನು ಕಡಿಮೆ ಮಾಡಿ. ಆತಂಕಕ್ಕೆ ಮೇವು ಅನಿಶ್ಚಿತತೆ. ತಡವಾದರೆ ಒಂದು ಮೆಸೇಜ್, ಚಾರ್ಜ್ ಮುಗಿದರೆ ಗೆಳತಿಯ ಫೋನಿಂದ ಎಂಬ ಒಂದೇ ಒಪ್ಪಂದ ಎಷ್ಟೋ ರಾತ್ರಿಗಳ ಕೂಗಾಟವನ್ನು ಉಳಿಸುತ್ತದೆ.

5. ಎಲ್ಲ ಸಿಟ್ಟನ್ನೂ ಆತಂಕದ ಲೆಕ್ಕಕ್ಕೆ ಬರೆಯಬೇಡಿ. ಮೂರು ತಿಂಗಳಿಂದ ಸಂಬಳ ಕೊಡದ ಧಣಿಯ ಮೇಲೆ ಬರುವುದು ನ್ಯಾಯವಾದ ಸಿಟ್ಟು. ಅಲ್ಲಿ ಕೇಳಬೇಕಾದ್ದು ಸಂಬಳ. ಧ್ಯಾನ ಮಾಡಿ ಎಂದು ಉಪದೇಶಿಸುವವರಿಗೆ ದೊಡ್ಡ ನಮಸ್ಕಾರ. ಇನ್ನೊಂದು ಮಾತು: ಟೆನ್ಷನ್‌ನಲ್ಲಿ ಕೈಯೆತ್ತಿದೆ ಎನ್ನುವುದು ವಿವರಣೆಯಾದೀತೇ ಹೊರತು ಕ್ಷಮೆಗೆ ಕಾರಣವಾಗದು.

6. ನುಂಗಿದ ಸಿಟ್ಟಿನ ಮೇಲೂ ಕಣ್ಣಿಡಿ. ದಾರಿ ಎರಡೂ ಕಡೆಗಿದೆ. ಮೀಟಿಂಗಿನಲ್ಲಿ ಅವಮಾನ ನುಂಗಿಕೊಂಡು ಬಂದವನು ರಾತ್ರಿ ಎರಡಕ್ಕೆ ಎದ್ದು, ನಾಳೆ ಕೆಲಸ ಹೋದರೆ, ಇಎಂಐ ಕಟ್ಟಲಾಗದಿದ್ದರೆ ಎಂದು ಲೆಕ್ಕ ಹಾಕುತ್ತಾನೆ. ಹಗಲಿನ ಸಿಟ್ಟು ರಾತ್ರಿಗೆ ಚಿಂತೆಯಾಗಿ ಬಂದಿರುತ್ತದೆ. ಆಡಬೇಕಿದ್ದ ಎರಡು ಮಾತನ್ನು ಮಾರನೇ ದಿನ ತಣ್ಣಗೆ ಆಡಿ.

7. ದಿಂಬಿಗೆ ಗುದ್ದಬೇಡಿ. ಕಕ್ಕಿಬಿಟ್ಟರೆ ಹಗುರ ಎಂಬುದು ಜನಪ್ರಿಯ ನಂಬಿಕೆ. ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆದದ್ದು ಬೇರೆ. ಕೆಣಕಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಜಾಸ್ತಿ ಇತ್ತು.

8. ಮೈಯನ್ನು ಮೊದಲು ತಣಿಸಿ, ವಾದ ಆಮೇಲೆ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದು ನಿಮಿಷ. ಹಸಿದಿದ್ದರೆ ಊಟ ಮಾಡಿ. ನಾಲ್ಕನೇ ಫಿಲ್ಟರ್ ಕಾಫಿ ಬೇಡ.

9. ದಿನವೂ ಹೀಗೇ ಆಗುತ್ತಿದ್ದರೆ ಅದನ್ನು ಸ್ವಭಾವವೆಂದು ಬಿಡಬೇಡಿ. “ಅವರು ಮೊದಲಿನಿಂದಲೂ ಮುಂಗೋಪಿ” ಎಂದು ಮನೆಯವರು ಕೈತೊಳೆದುಕೊಂಡಿರುತ್ತಾರೆ. ಆದರೆ ಆತಂಕದ ಕಾಯಿಲೆಯನ್ನು ಗುರುತಿಸಲು ವೈದ್ಯರು ನೋಡುವ ಆರು ಲಕ್ಷಣಗಳಲ್ಲಿ ಕಿರಿಕಿರಿಯೂ ಒಂದು. ಉಳಿದವು ಚಡಪಡಿಕೆ, ಬೇಗ ದಣಿವು, ಗಮನ ನಿಲ್ಲದಿರುವುದು, ಮೈ ಬಿಗಿತ, ನಿದ್ದೆಗೇಡು. ಹತೋಟಿಗೆ ಬಾರದ ಚಿಂತೆಯ ಜೊತೆ ಇವುಗಳಲ್ಲಿ ಮೂರು ಆರು ತಿಂಗಳಿಂದ ಕಾಡುತ್ತಿದ್ದರೆ ವೈದ್ಯರನ್ನು ಕಾಣಿ. ಯಾರ ಬಳಿ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.