ಅಗ್ಗದ ಜಿಬಿ, ದುಬಾರಿ ಬಿಲ್

ತಮ್ಮನ ಮದುವೆ ಸೂಲಿಬೆಲೆಯಲ್ಲೇ ಆಯಿತು. ಸ್ಟುಡಿಯೊದವರು ಕೊಟ್ಟ ಫೋಟೊ, ಡ್ರೋನ್ ವಿಡಿಯೊ ಎಲ್ಲ ಸೇರಿ 90 ಜಿಬಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಅಷ್ಟೊತ್ತಿಗೇ ಭರ್ತಿ. 2021ರ ಜೂನ್ 1ಕ್ಕೆ ಫೋಟೊಗಳಿಗಿದ್ದ ಅನ್‌ಲಿಮಿಟೆಡ್ ನಿಂತ ಮೇಲೆ ಜಿಮೇಲ್, ಡ್ರೈವ್, ಫೋಟೊ ಮೂರೂ ಅಷ್ಟರಲ್ಲೇ ಸಂಸಾರ ಮಾಡಬೇಕು. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಈಗ ಅಲ್ಲಿಗೇ.

ವರ್ಷಕ್ಕೆ 6,500 ರೂಪಾಯಿಯ 2 ಟಿಬಿ ಪ್ಲಾನ್ ಹಾಕಿಸಿದೆ. 100 ಜಿಬಿಗೆ 1,300 ಅಂದರೆ ಜಿಬಿಗೆ 13 ರೂಪಾಯಿ; ಇದರಲ್ಲಿ ಮೂರೂಕಾಲು. ಕಾಲು ಭಾಗದ ಬೆಲೆ! ಅಗ್ಗವೆಂದು ಇಬ್ಬರಿರುವ ಮನೆಗೆ ಬಾಕ್ಸ್‌ಗಟ್ಟಲೆ ಟೊಮೆಟೊ ಹೊತ್ತು ತಂದ ಹಾಗೆ.

ರಿನ್ಯೂವಲ್ ಮೆಸೇಜ್ ಬಂದಾಗ ತುಂಬಿದ್ದು 140 ಜಿಬಿ. 6,500ನ್ನು 140ರಿಂದ ಭಾಗಿಸಿ: ಜಿಬಿಗೆ 46 ರೂಪಾಯಿ ಬಿತ್ತು. 200 ಜಿಬಿಗೆ ಆಗ 2,100 ಇತ್ತು. ಅದೇ 140ಕ್ಕೆ ಹಂಚಿದರೆ 15. ವ್ಯತ್ಯಾಸ ವರ್ಷಕ್ಕೆ 4,400, ಐದು ವರ್ಷಕ್ಕೆ 22,000. ಕಂಪನಿ ಹೇಳುವುದು ಕೊಟ್ಟ ಜಾಗದ ದರ, ನಮಗೆ ಬೀಳುವುದು ಬಳಸಿದ ಜಾಗದ ದರ. ಆ 140ರಲ್ಲಾದರೂ ಏನಿತ್ತು? ಛತ್ರದ ಮೇಲೆ ಡ್ರೋನ್ ಸುತ್ತಿದ ಒಂದೇ ದೃಶ್ಯ ಮೂರು ಸಲ, ಬೆಸ್ಕಾಂ ಬಿಲ್, ಪಹಣಿ, ದೊಡ್ಡಮ್ಮ ಕಳಿಸಿದ ಶುಭೋದಯದ ಗುಲಾಬಿಗಳು. 4ಕೆ ವಿಡಿಯೊ ನಿಮಿಷಕ್ಕೆ ಹೆಚ್ಚುಕಮ್ಮಿ 350 ಎಂಬಿ ನುಂಗುತ್ತದೆ. ಎಂಬತ್ತು ಫೋಟೊದ ಜಾಗ.

ರೀಚಾರ್ಜ್ ಜೊತೆ ಅಂಟಿಸುವ ‘ಇಷ್ಟು ತಿಂಗಳು ಫ್ರೀ’ ಸ್ಟೋರೇಜ್ ಕಂಡರಂತೂ ಮೈ ಉರಿಯುತ್ತದೆ. ಗಡುವು ಮುಗಿದಾಗ 60 ಜಿಬಿಯನ್ನು 15ರೊಳಗೆ ತುರುಕುವವರು ಯಾರು? ಮೇಲ್ ಬರುವುದು ನಿಲ್ಲುತ್ತದೆ, ಗಾಬರಿಯಲ್ಲಿ ದುಡ್ಡು ಕಟ್ಟುತ್ತೀರಿ. ಕಟ್ಟದೆ ಎರಡು ವರ್ಷ ಬಿಟ್ಟರೆ ಫೋಟೊಗಳನ್ನೇ ಅಳಿಸುವ ಹಕ್ಕು ಗೂಗಲ್‌ಗಿದೆ. ಇದು ಉಡುಗೊರೆಯಲ್ಲ, ಗಾಳ.

ಇನ್ನೊಂದು: ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಮಗು ಡಿಲೀಟ್ ಒತ್ತಿದರೆ ಕ್ಲೌಡ್‌ನದ್ದೂ ಹೋಗುತ್ತದೆ. ಟ್ರ್ಯಾಶ್‌ನಲ್ಲಿ 60 ದಿನ, ಆಮೇಲೆ ದೇವರೇ ಗತಿ. ಇಂಥದ್ದನ್ನು ಬ್ಯಾಕಪ್ ಅಂತ ನಂಬಿ ಕೂರಬೇಡಿ. ಫೋಟೊ ತೆಗೆಯುವುದಕ್ಕೆ ಇರುವ ಹುಮ್ಮಸ್ಸು ಅಳಿಸುವುದಕ್ಕೂ ಇರಲಿ. ಮದುವೆ ಮುಗಿದ ವಾರದಲ್ಲೇ ಕೂತು ಆರಿಸಿ. ನಮ್ಮವರಿಗೆ ಸೀರೆ ಆರಿಸಲು ದಿನವಿಡೀ ಸಮಯವಿರುತ್ತದೆ, ಇದಕ್ಕಿಲ್ಲ.

ಈಗ ದಿನನಿತ್ಯದ ಫೋಟೊಗೆ 100 ಜಿಬಿ ಪ್ಲಾನ್ ಸಾಕಾಗಿದೆ. ಮದುವೆಯದ್ದು ಎರಡು ಹಾರ್ಡ್‌ಡಿಸ್ಕ್‌ನಲ್ಲಿದೆ: ಒಂದು ನಮ್ಮ ಬೀರುವಿನಲ್ಲಿ, ಇನ್ನೊಂದು ಹೊಸಕೋಟೆಯ ಅಕ್ಕನ ಮನೆಯಲ್ಲಿ. ಯುಗಾದಿಗೆ ಹೋದಾಗ ಎರಡನ್ನೂ ಲ್ಯಾಪ್‌ಟಾಪ್‌ಗೆ ಹಾಕಿ ತೆರೆದು ನೋಡುತ್ತೇವೆ.