1739147400 ಅಂದ್ರೆ ಎಷ್ಟು ಗಂಟೆ?

ನಮ್ಮ ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಏಳೂವರೆ ದಾಟಿದ ಮೇಲೆ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ ಬರ್ತಿತ್ತು. ಹಾಗಾಗಿ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಇದನ್ನೇ ಆರಿಸಿಕೊಂಡ್ವಿ. ಮೇಲಿನ ಟ್ಯಾಂಕಿಗೆ ಅಲ್ಟ್ರಾಸಾನಿಕ್ ಸೆನ್ಸರ್, ಅದಕ್ಕೊಂದು ಇಎಸ್‌ಪಿ 32 ಬೋರ್ಡ್. ಐದು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಒಂದು ಸಿಎಸ್‌ವಿ ಫೈಲಿಗೆ ಸೇರ್ತಾ ಹೋಗುತ್ತೆ.

ಒಂದು ವಾರದ ಡೇಟಾ ಎಕ್ಸೆಲ್‌ನಲ್ಲಿ ತೆರೆದು ಗ್ರಾಫ್ ಹಾಕಿದ್ವಿ. ದಿನಾ ರಾತ್ರಿ ಹನ್ನೆರಡೂವರೆಗೆ ನೀರು ಇಳಿಯೋಕೆ ಶುರು, ಎರಡು ಗಂಟೆಗೆ ಟ್ಯಾಂಕ್ ಖಾಲಿ! ಆ ಹೊತ್ತಲ್ಲಿ ಎಚ್ಚರ ಇರೋದು ಮೋಟರ್ ನೋಡಿಕೊಳ್ಳೋ ನೈಟ್ ಡ್ಯೂಟಿ ಅಣ್ಣ ಒಬ್ಬರೇ. ವಾಲ್ವ್ ತೆರೆದಿಟ್ಟು ಮಲಗ್ತಾರೆ ಅಂತ ನಾವೇ ತೀರ್ಮಾನ ಮಾಡಿಬಿಟ್ವಿ. ವಾರ್ಡನ್‌ಗೆ ತೋರಿಸೋಕೆ ಸ್ಲೈಡ್ ಕೂಡ ರೆಡಿ ಆಯ್ತು.

ಆ ಸ್ಲೈಡ್ ಪೂರ್ತಿ ತಪ್ಪಾಗಿತ್ತು. ಯಾಕೆ ಅನ್ನೋದೇ ಈ ಪಾಠ. (ಸೂತ್ರಗಳಲ್ಲಿ ಸೆಲ್ ಮತ್ತು ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ.)

ಎರಡು ಎಣಿಕೆಗಳು

ಸೆನ್ಸರ್ ಫೈಲಿನಲ್ಲಿ ಸಮಯ 1739147400 ಅಂತ ಇರುತ್ತೆ. ಇದು ಯೂನಿಕ್ಸ್ ಟೈಮ್‌ಸ್ಟ್ಯಾಂಪ್. 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಕಳೆದಿದೆ ಅನ್ನೋ ಲೆಕ್ಕ. ಆ ಮಧ್ಯರಾತ್ರಿ ನಮ್ಮದಲ್ಲ, ಯುಟಿಸಿಯದ್ದು ಅನ್ನೋದನ್ನ ನೆನಪಿಡಿ.

ಸ್ಪ್ರೆಡ್‌ಶೀಟ್ ಸೆಕೆಂಡ್ ಎಣಿಸಲ್ಲ, ದಿನ ಎಣಿಸುತ್ತೆ. ಎಕ್ಸೆಲ್‌ಗೆ 1900ರ ಜನವರಿ 1 ಅಂದ್ರೆ 1, ಮರುದಿನ 2. ಗಂಟೆ ನಿಮಿಷ ಎಲ್ಲಾ ದಶಮಾಂಶ ಭಾಗ. 0.5 ಅಂದ್ರೆ ಮಧ್ಯಾಹ್ನ 12, 0.25 ಅಂದ್ರೆ ಬೆಳಿಗ್ಗೆ 6. ನಿಮಗೆ ದಿನಾಂಕವಾಗಿ ಕಾಣೋದು ಆ ಸಂಖ್ಯೆಗೆ ತೊಡಿಸಿದ ಬಟ್ಟೆ ಅಷ್ಟೇ.

ಈಗ ಕೆಲಸ ಸುಲಭ. ಸೆಕೆಂಡನ್ನು ದಿನ ಮಾಡಬೇಕು, ಎಣಿಕೆಯ ಶುರುವನ್ನು ಸರಿಹೊಂದಿಸಬೇಕು. ಒಂದು ದಿನಕ್ಕೆ 24×60×60 = 86400 ಸೆಕೆಂಡ್. 1970ರ ಜನವರಿ 1ರ ದಿನಸಂಖ್ಯೆ 25569. ಆದ್ದರಿಂದ:

=ಎ2/86400+25569

ನಮ್ಮ ಸಂಖ್ಯೆಗೆ ಉತ್ತರ 45698.0208. ಸೆಲ್ ಫಾರ್ಮ್ಯಾಟನ್ನು ದಿನಾಂಕ ಮತ್ತು ಸಮಯಕ್ಕೆ ಬದಲಾಯಿಸಿದ್ರೆ 10-02-2025, 00:30 ಅಂತ ಕಾಣುತ್ತೆ.

25569 ಎಲ್ಲಿಂದ ಬಂತು?

ಬಾಯಿಪಾಠ ಮಾಡೋದು ಬೇಡ, ಲೆಕ್ಕ ಹಾಕೋಣ. 1900ರಿಂದ 1969ರ ಕೊನೆವರೆಗೆ 70 ವರ್ಷ, 70×365 = 25550. ನಡುವೆ 1904ರಿಂದ 1968ರವರೆಗೆ 17 ಅಧಿಕ ವರ್ಷ. ಒಟ್ಟು 25567 ದಿನ. ಎಣಿಕೆ 0ಯಿಂದಲ್ಲ, 1ರಿಂದ ಶುರು, ಹಾಗಾಗಿ 25568. ಇನ್ನೊಂದು ದಿನ ಎಲ್ಲಿ?

ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಅನ್ನೋ ದಿನ ಇದೆ! ನಿಜವಾಗಿ 1900 ಅಧಿಕ ವರ್ಷ ಅಲ್ಲ, ಯಾಕಂದ್ರೆ 400ರಿಂದ ಭಾಗ ಆಗಲ್ಲ. ಹಿಂದೆ ಲೋಟಸ್ 1-2-3 ಅನ್ನೋ ಸ್ಪ್ರೆಡ್‌ಶೀಟ್‌ನಲ್ಲಿ ಈ ತಪ್ಪಿತ್ತು. ಅದರ ಫೈಲುಗಳು ಸರಿಯಾಗಿ ತೆರೆಯಲಿ ಅಂತ ಎಕ್ಸೆಲ್ ಕೂಡ ಅದನ್ನೇ ಇಟ್ಟುಕೊಳ್ತು. ಗೂಗಲ್ ಶೀಟ್ಸ್ ಮತ್ತು ಲಿಬ್ರೆ ಆಫೀಸ್ 1899ರ ಡಿಸೆಂಬರ್ 30ನ್ನು 0 ಅಂತ ಹಿಡಿಯುತ್ತವೆ, ಹಾಗಾಗಿ ಅಲ್ಲೂ 25569 ಸರಿಹೋಗುತ್ತೆ.

ಐದೂವರೆ ಗಂಟೆಯ ತಪ್ಪು

ನಾವು ಅಲ್ಲಿಗೇ ನಿಲ್ಲಿಸಿದ್ವಿ. ಸೂತ್ರ ಕೆಲಸ ಮಾಡ್ತು, ದಿನಾಂಕ ಸರಿ ಕಾಣ್ತು, ಗ್ರಾಫ್ ಚೆನ್ನಾಗಿತ್ತು. ಸ್ಲೈಡ್ ತೋರಿಸೋ ಹಿಂದಿನ ರಾತ್ರಿ ಮತ್ತೊಮ್ಮೆ ಡೇಟಾ ನೋಡ್ತಾ ಇದ್ದಾಗ ನಮ್ಮಲ್ಲೊಬ್ಬ ಕೇಳಿದ: "ಮೊನ್ನೆ ಬೋರ್ಡ್ ಬಿಚ್ಚಿದ್ದು ರಾತ್ರಿ ಒಂಬತ್ತು ಹತ್ತಕ್ಕೆ ಅಲ್ವೇನೋ? ಇಲ್ಲಿ ಡೇಟಾ ನಿಂತಿರೋದು ಮಧ್ಯಾಹ್ನ ಮೂರು ನಲವತ್ತಕ್ಕೆ!"

21:10ರಲ್ಲಿ 15:40 ಕಳೆದ್ರೆ 5:30. ಎಲ್ಲರೂ ಸುಮ್ಮನಾದ್ವಿ. ಟೈಮ್‌ಸ್ಟ್ಯಾಂಪ್ ಯುಟಿಸಿ, ನಾವು ಓದಿದ್ದು ಭಾರತದ ಸಮಯ ಅಂತ. ಐದೂವರೆ ಗಂಟೆ ಅಂದ್ರೆ 19800 ಸೆಕೆಂಡ್. ಸರಿಯಾದ ಸೂತ್ರ:

=(ಎ2+19800)/86400+25569

ಉತ್ತರ 45698.25, ಅಂದ್ರೆ ಬೆಳಿಗ್ಗೆ 6 ಗಂಟೆ. ನೀರು ಇಳೀತಿದ್ದದ್ದು ಬೆಳಿಗ್ಗೆ ಆರರಿಂದ ಏಳೂವರೆ. ಇಡೀ ಹಾಸ್ಟೆಲ್ ಸ್ನಾನ ಮಾಡೋ ಹೊತ್ತು! ನೀರು ಖಾಲಿ ಮಾಡ್ತಿದ್ದೋರು ನಾವೇ. ನಮ್ಮ ದೇಶದಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ಬದಲಾಯಿಸೋ ಪದ್ಧತಿ ಇಲ್ಲ, ಹಾಗಾಗಿ ಈ 19800 ವರ್ಷವಿಡೀ ಒಂದೇ.

ವಾಪಸ್ ಬರೋದು

ಭಾರತದ ಸಮಯ ಬಿ2ನಲ್ಲಿದ್ದು ಟೈಮ್‌ಸ್ಟ್ಯಾಂಪ್ ಬೇಕು ಅಂದ್ರೆ ಉಲ್ಟಾ ಮಾಡಿ:

=ರೌಂಡ್((ಬಿ2-25569)*86400-19800,0)

ರೌಂಡ್ ಯಾಕೆ? ಎಷ್ಟೋ ಸಮಯಗಳ ದಶಮಾಂಶ ಕೊನೆಯಾಗಲ್ಲ, ಹಾಗಾಗಿ ಉತ್ತರ ಒಂದು ಸೆಕೆಂಡಿನ ಚೂರು ಆಚೀಚೆ ಬರಬಹುದು. 45698.25ನ್ನು ಹಾಕಿ ನೋಡಿ, 1739147400 ವಾಪಸ್ ಸಿಗಬೇಕು. ಸಿಗದಿದ್ರೆ ಎಲ್ಲೋ ಎಡವಿದ್ದೀರಿ.

ಎಡವೋ ಜಾಗಗಳು

1. ಅಂಕಿ ಎಣಿಸಿ. ಈಗಿನ ಟೈಮ್‌ಸ್ಟ್ಯಾಂಪ್ 10 ಅಂಕಿ ಇದ್ರೆ ಸೆಕೆಂಡ್, 13 ಇದ್ರೆ ಮಿಲಿಸೆಕೆಂಡ್. 13 ಇದ್ರೆ ಮೊದಲು 1000ದಿಂದ ಭಾಗಿಸಿ. ಮರೆತರೆ ಎಕ್ಸೆಲ್‌ನಲ್ಲಿ ದಿನಾಂಕದ ಬದಲು ಸಾಲಾಗಿ ಹ್ಯಾಷ್ ಗುರುತು ಬರುತ್ತೆ, ಕಾಲಮ್ ಎಷ್ಟು ಅಗಲ ಮಾಡಿದ್ರೂ ಹೋಗಲ್ಲ. ಯಾಕಂದ್ರೆ ಎಕ್ಸೆಲ್‌ನ ದಿನಾಂಕ 9999ನೇ ಇಸವಿಗೆ ಮುಗಿಯುತ್ತೆ.

2. 13 ಅಂಕಿಯ ಸಂಖ್ಯೆ ಎಕ್ಸೆಲ್‌ನಲ್ಲಿ 1.73915ಇ+12 ಅಂತ ಕಾಣಬಹುದು. ಹಾಗೇ ಸಿಎಸ್‌ವಿ ಆಗಿ ಸೇವ್ ಮಾಡಿದ್ರೆ ಕೊನೆಯ ಅಂಕಿಗಳು ಹೋದ್ವು ಅಂತಲೇ ಲೆಕ್ಕ. ಮೂಲ ಫೈಲಿನ ಕಾಪಿ ಒಂದನ್ನ ಯಾವಾಗಲೂ ಬೇರೆ ಇಡಿ.

3. 10/02/2025 ಅಂತ ಟೈಪ್ ಮಾಡಿದ್ರೆ ಅಮೆರಿಕದ ಸೆಟ್ಟಿಂಗ್ ಇರೋ ಲ್ಯಾಪ್‌ಟಾಪ್ ಅದನ್ನ ಅಕ್ಟೋಬರ್ 2 ಅಂತ ಓದುತ್ತೆ. ಡೇಟ್(2025,2,10) ಅಂತ ಬರೆದ್ರೆ ಗೊಂದಲವೇ ಇಲ್ಲ.

4. ಹಳೆ ಮ್ಯಾಕ್‌ನಲ್ಲಿ ಮಾಡಿದ ಎಕ್ಸೆಲ್ ಫೈಲುಗಳಲ್ಲಿ ಎಣಿಕೆ 1904ರಿಂದ ಶುರುವಾಗಿರಬಹುದು. ದಿನಾಂಕ ನಾಲ್ಕು ವರ್ಷ ಒಂದು ದಿನ ಮುಂದೆ ಬಂದ್ರೆ ಇದೇ ಕಾರಣ. ಅಲ್ಲಿ 25569ರ ಬದಲು 24107 ಬಳಸಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಸಮಯ ನಿಮಗೆ ಖಚಿತವಾಗಿ ಗೊತ್ತಿರೋ ಒಂದು ಘಟನೆ ಡೇಟಾದಲ್ಲಿ ಇರಲಿ. ಬೋರ್ಡ್ ಬಿಚ್ಚಿ, ಸೆನ್ಸರ್ ಮುಂದೆ ಕೈ ಇಡಿ, ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಶೀಟಿನಲ್ಲಿ ಅದೇ ಸಮಯ ಬಂತಾ ನೋಡಿ. ಎರಡು ನಿಮಿಷದ ಕೆಲಸ.

ಹೊಸ ಗ್ರಾಫ್ ತಗೊಂಡು ವಾರ್ಡನ್ ಹತ್ರ ಹೋದ್ವಿ. ಈಗ ಐದು ಗಂಟೆಗೇ ಮೋಟರ್ ಹಾಕ್ತಾರೆ, ಎಂಟಕ್ಕೂ ನೀರು ಬರುತ್ತೆ. ಮೋಟರ್ ಹಾಕೋದು ಅದೇ ನೈಟ್ ಡ್ಯೂಟಿ ಅಣ್ಣ. ಗೇಟ್ ಹತ್ರ ಸಿಕ್ಕಾಗ "ಏನ್ರಪ್ಪಾ, ನೀರು ಬರ್ತಿದ್ಯಾ?" ಅಂತ ಕೇಳ್ತಾರೆ. "ಬರ್ತಿದೆ ಅಣ್ಣ" ಅಂತೀವಿ. ಹಳೆ ಸ್ಲೈಡ್ ವಿಷಯ ಅವರಿಗೆ ಇನ್ನೂ ಹೇಳಿಲ್ಲ.